ಮೊದಲು ದಡ, ಆಮೇಲೆ ದಾಖಲೆ

ನಡುಕಡಲಲ್ಲಿ ಅಪಾಯದ ಕರೆ ಕೇಳಿದ ಹಡಗು ಏನು ಮಾಡಬೇಕು? ಇದರಲ್ಲಿ ಗೊಂದಲವೇ ಇಲ್ಲ. ಸೋಲಾಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ, ನೆರವಾಗಬಲ್ಲ ಸ್ಥಿತಿಯಲ್ಲಿರುವ ಕ್ಯಾಪ್ಟನ್ ಆದಷ್ಟು ವೇಗವಾಗಿ ಹೋಗಲೇಬೇಕು. ಮುಳುಗುವವರ ದೇಶ ಯಾವುದು, ಕಾಗದಪತ್ರ ಇದೆಯೇ ಎಂದು ನೋಡುವಂತಿಲ್ಲ.

2001ರ ಆಗಸ್ಟ್ 26ರಂದು ನಾರ್ವೆಯ ಸರಕು ಹಡಗು 'ಟಾಂಪಾ'ದ ಕ್ಯಾಪ್ಟನ್ ಆರ್ನೆ ರಿನ್ನಾನ್ ಮಾಡಿದ್ದು ಇದನ್ನೇ. ಕರೆ ಕೊಟ್ಟಿದ್ದು ಆಸ್ಟ್ರೇಲಿಯಾದ ರಕ್ಷಣಾ ಕೇಂದ್ರ. ಹಿಂದೂ ಮಹಾಸಾಗರದಲ್ಲಿ ಕೆಟ್ಟು ನಿಂತಿದ್ದ ಮರದ ದೋಣಿಯಿಂದ 433 ಜನರನ್ನು ಅವರು ಹತ್ತಿಸಿಕೊಂಡರು. ಹೆಚ್ಚಿನವರು ಅಫ್ಘನ್ನರು. ಹಡಗಿನ ಸಿಬ್ಬಂದಿ ಬರೀ 27.

ಕರೆದ ದೇಶವೇ ಬಾಗಿಲು ಹಾಕಿತು. ಹತ್ತಿರದಲ್ಲೇ ಇದ್ದ ತನ್ನ ಕ್ರಿಸ್‌ಮಸ್ ದ್ವೀಪಕ್ಕೆ ಬರಕೂಡದು ಎಂದಿತು. ಕಾಯಿಲೆ ಬಿದ್ದವರಿದ್ದಾರೆ ಎಂದು ರಿನ್ನಾನ್ ಆಗಸ್ಟ್ 29ರಂದು ಜಲಗಡಿ ದಾಟಿದರೆ, ಕಮಾಂಡೊಗಳು ಹಡಗು ಹತ್ತಿದರು. ಕೊನೆಗೆ ಒಂದಷ್ಟು ಜನರನ್ನು ನ್ಯೂಜಿಲೆಂಡ್ ತೆಗೆದುಕೊಂಡಿತು, ಉಳಿದವರನ್ನು ನೌರು ದ್ವೀಪಕ್ಕೆ ಸಾಗಿಸಲಾಯಿತು. ನವೆಂಬರ್ ಚುನಾವಣೆಯಲ್ಲಿ ಜಾನ್ ಹೊವಾರ್ಡ್ ಸರ್ಕಾರ ಮತ್ತೆ ಗೆದ್ದಿತು.

ಗಡಿ ಕಾಯುವುದು ದೇಶದ ಹಕ್ಕಲ್ಲವೇ ಎನ್ನುತ್ತಾರೆ. ಇಂಡೊನೇಷ್ಯಾ ಕಡೆ ಹೊರಟಿದ್ದ ಹಡಗನ್ನು ಆ ಜನರೇ ಒತ್ತಡ ಹಾಕಿ ತಿರುಗಿಸಲಿಲ್ಲವೇ ಎಂದೂ ಕೇಳುತ್ತಾರೆ. ಎರಡೂ ನಿಜ. ಆಶ್ರಯ ಕೊಡಬೇಕೋ ಬೇಡವೋ, ವಿಚಾರಣೆ ನಡೆಸಿ ತೀರ್ಮಾನಿಸಲಿ. ಆದರೆ ಆ ವಿಚಾರಣೆ ನಡೆಯಬೇಕಾದದ್ದು ದಡದ ಮೇಲೆ, ಸರಕು ಹಡಗಿನ ಕಂಟೈನರ್‌ಗಳ ನಡುವೆ ಅಲ್ಲ.

ಕಾಪಾಡಿದವನನ್ನೇ ಹೀಗೆ ಸತಾಯಿಸಿದರೆ ಮುಂದಿನ ಕ್ಯಾಪ್ಟನ್ ಕಲಿಯುವ ಪಾಠ ಯಾವುದು? ಕಂಡರೂ ಕಾಣದಂತೆ ಹೋಗು ಎಂಬುದಲ್ಲವೇ? ಟಾಂಪಾ ಪ್ರಕರಣದ ನಂತರ, 2004ರಲ್ಲಿ ಒಪ್ಪಂದಕ್ಕೆ ತಿದ್ದುಪಡಿಯಾಯಿತು: ರಕ್ಷಿಸಿದವರನ್ನು ಸುರಕ್ಷಿತ ಜಾಗದಲ್ಲಿ ಇಳಿಸಲು ಸರ್ಕಾರಗಳು ಸಹಕರಿಸಬೇಕು. ಆದರೂ 2011ರಲ್ಲಿ ಟ್ರಿಪೋಲಿಯಿಂದ 72 ಜನರೊಂದಿಗೆ ಹೊರಟ ದೋಣಿಯೊಂದು ಮೆಡಿಟರೇನಿಯನ್‌ನಲ್ಲಿ ಎರಡು ವಾರ ತೇಲಿತು. ಅಪಾಯದ ಕರೆ ರೋಮ್‌ನ ರಕ್ಷಣಾ ಕೇಂದ್ರಕ್ಕೆ ತಲುಪಿತ್ತು, ಅಲ್ಲಿಂದ ಹಡಗುಗಳಿಗೂ ಹೋಗಿತ್ತು. ಯಾರೂ ಕಾಪಾಡಲಿಲ್ಲ. 63 ಜನ ಸತ್ತರು.

ಇನ್ನು ನಮ್ಮ ಪಾಲು. ಇಂಥ ಸುದ್ದಿ ಏಜೆನ್ಸಿಯಿಂದ ಬಂದಾಗ ನಾವು ಹಾಕುವ ತಲೆಬರಹ "ಅಕ್ರಮ ವಲಸಿಗರ ದೋಣಿ ಮುಳುಗಡೆ". ವಿಚಾರಣೆಯೇ ಆಗದೆ, ಹೆಣ ಸಿಗುವ ಮೊದಲೇ ಅಕ್ರಮ ಎಂಬ ತೀರ್ಪು! ನಮ್ಮ ಮಲ್ಪೆಯ ಬೋಟ್ ಮುಳುಗಿದರೆ "ಮೀನುಗಾರರು ನಾಪತ್ತೆ" ಎಂದು ಬರೆಯುತ್ತೇವೆ, ಲೈಸೆನ್ಸ್ ಇತ್ತೇ ಎಂದು ತಲೆಬರಹದಲ್ಲಿ ಕೇಳುವುದಿಲ್ಲ. ಡೆಸ್ಕ್‌ನ ಗೆಳೆಯರೇ, ಆ ಒಂದು ಪದ ತೆಗೆಯಿರಿ. "ಜನ" ಎಂದು ಬರೆದರೆ ಸಾಕು.