ನೆಲೆ ಕಳೆದುಕೊಂಡವರು ಬೆದರಿಕೆಯೇ?

2007ರ ಎಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಪ್ರಥಮ ಬಾರಿಗೆ ಹವಾಮಾನ ಬದಲಾವಣೆಯನ್ನು ಚರ್ಚೆಗೆತ್ತಿಕೊಂಡಿತು. ಆ ಬಳಿಕ ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳ ಸಾರ್ವಜನಿಕ ವಿಚಾರ ಸಂಕಿರಣಗಳಲ್ಲಿ ಹವಾಮಾನ, ವಲಸೆ ಮತ್ತು ಅಂತಾರಾಷ್ಟ್ರೀಯ ಭದ್ರತೆ ಎಂಬ ಮೂರು ಪದಗಳು ಆಗಾಗ ಜೊತೆಯಾಗಿಯೇ ಕೇಳಿಬರುತ್ತಿವೆ. ಚರ್ಚೆಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಯಾರ ಭದ್ರತೆ ಎಂಬ ಪ್ರಶ್ನೆ ಅಲ್ಲಿ ಬದಿಗೆ ಸರಿಯುತ್ತದೆ. ಮನೆ ಕಳೆದುಕೊಂಡವನೇ ಅಪಾಯಕಾರಿಯಾಗಿ ಬಿಂಬಿತನಾಗುತ್ತಾನೆ.

ವಾಸ್ತವ ಬೇರೆಯೇ ಇದೆ. 2021ರ ವಿಶ್ವಬ್ಯಾಂಕ್ ವರದಿಯ ಪ್ರಕಾರ 2050ರೊಳಗೆ 21.6 ಕೋಟಿ ಜನರು ಹವಾಮಾನದ ಕಾರಣದಿಂದ ಸ್ಥಳಾಂತರಗೊಳ್ಳಬಹುದು. ಅದೂ ತಂತಮ್ಮ ದೇಶದೊಳಗೆಯೇ. ಬಾಂಗ್ಲಾದೇಶದ ಎಷ್ಟೋ ರೈತರು ನದಿಯಲ್ಲಿ ನೆಲ ಕೊಚ್ಚಿಹೋದಾಗ ಸೇರುವುದು ಢಾಕಾದ ಕೊಳೆಗೇರಿಗಳನ್ನು. ನಮ್ಮ ಚುನಾವಣಾ ಭಾಷಣಗಳಲ್ಲಿ ಮಾತ್ರ ಬಾಂಗ್ಲಾದ ಬಡವನಿಗಿರುವುದು ನುಸುಳುಕೋರನೆಂಬ ಒಂದೇ ಹೆಸರು! 2022ರ ಪಾಕಿಸ್ತಾನದ ನೆರೆ 3.3 ಕೋಟಿ ಜನರನ್ನು ಬಾಧಿಸಿತು. 1,700ಕ್ಕೂ ಅಧಿಕ ಮಂದಿ ಮೃತಪಟ್ಟರು. ಜಾಗತಿಕ ಹಸಿರುಮನೆ ಅನಿಲಗಳಲ್ಲಿ ಆ ದೇಶದ ಪಾಲು ಹೆಚ್ಚೆಂದರೆ ಶೇ. 1. ಮಾಡಿದವರಾರೋ, ಉಣ್ಣುವವರಾರೋ. 1951ರ ನಿರಾಶ್ರಿತರ ಒಪ್ಪಂದವು ನೀಡಿದ ವ್ಯಾಖ್ಯೆಯಲ್ಲಂತೂ ನೆರೆ, ಬರಗಳ ಪ್ರಸ್ತಾಪವೇ ಇಲ್ಲ.

ಭೂಮಿಯು ಮನುಷ್ಯನ ಬಳಿಯಿರುವ ಅಮಾನತ್ ಎಂದು ಜುಮಾ ಖುತ್ಬಾಗಳಲ್ಲಿ ಆಲಿಸುವವರು ನಾವು. ಆದರೂ ನಮ್ಮ ಸಂಘಟನೆಗಳ ಸಮ್ಮೇಳನಗಳಲ್ಲಿ ಈ ವಿಷಯಕ್ಕೊಂದು ಗೋಷ್ಠಿ ಮೀಸಲಾಗುವುದು ಅಪರೂಪ. ಮುಂದಿನ ಸಮ್ಮೇಳನದಲ್ಲಾದರೂ ಅದಕ್ಕೆ ಅವಕಾಶ ಸಿಗಲಿ. ವೇದಿಕೆಯಲ್ಲಿ ತಜ್ಞರಷ್ಟೇ ಕುಳಿತರೆ ಸಾಲದು. 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡ ಕೊಡಗಿನ ಕುಟುಂಬಗಳು ನಮ್ಮ ನಡುವೆಯೇ ಇವೆ. ಮೊದಲ ಮಾತು ಅವರದ್ದಾಗಲಿ.