ಊಟದ ವೇಳೆಗೆ 34ಕ್ಕೆ 6

2024ರ ಅಕ್ಟೋಬರ್ 17ರಂದು ಅಪ್ಪನನ್ನು ಕರ್ಕೊಂಡು ಚಿನ್ನಸ್ವಾಮಿ ಸ್ಟೇಡಿಯಂಗೆ ಹೋಗಿದ್ದೆ. ನ್ಯೂಜಿಲೆಂಡ್ ವಿರುದ್ಧದ ಮೊದಲ ಟೆಸ್ಟ್. ಹಿಂದಿನ ದಿನದ ಆಟ ಪೂರ್ತಿ ಮಳೆಗೆ ಹೋಗಿತ್ತು, ಟಾಸ್ ಕೂಡ ಆಗಿರಲಿಲ್ಲ. ನಮ್ಮ ಪುಣ್ಯಕ್ಕೆ ಟಿಕೆಟ್ ಎರಡನೇ ದಿನದ್ದು. ವಿಜಯನಗರದಲ್ಲಿ ಮೆಟ್ರೋ ಹತ್ತುವಾಗಲೇ ಅಪ್ಪ ಮೋಡ ನೋಡಿ, "ಇವತ್ತು ಟಾಸ್ ಗೆದ್ದೋರು ಕಣ್ಮುಚ್ಕೊಂಡು ಬೌಲಿಂಗ್ ತಗೋಬೇಕು ಕಣೋ" ಅಂದ್ರು. ಆಮೇಲೆ, "ರಜಾ ಸುಲಭವಾಗಿ ಕೊಟ್ರಾ?" ಅಂತ ಕೇಳಿದ್ರು. ಕೊಟ್ರು ಅಂದೆ.

ನಿಮ್ಮ ಹತ್ತಿರ ಮುಚ್ಚಿಡೋದೇನು, ನನಗೆ ರಜಾ ಕೇಳೋ ಅವಶ್ಯಕತೆಯೇ ಇರಲಿಲ್ಲ. ಹದಿನೈದು ದಿನದ ಹಿಂದೆಯೇ ಕಂಪನಿಯವರು ನಮ್ಮ ಟೀಮಿನ ಅರ್ಧ ಜನರನ್ನ ಮನೆಗೆ ಕಳಿಸಿದ್ದರು. ಇಪ್ಪತ್ತು ನಿಮಿಷದ ವಿಡಿಯೋ ಕಾಲ್, ಅಷ್ಟೇ. ಮನೆಯಲ್ಲಿ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೊರಟು ಸ್ನೇಹಿತನ ರೂಮಿನಲ್ಲಿ ಕೂತು ಬರ್ತಿದ್ದೆ.

ರೋಹಿತ್ ಶರ್ಮಾ ಟಾಸ್ ಗೆದ್ದು ಬ್ಯಾಟಿಂಗ್ ತಗೊಂಡ್ರು. ಅಪ್ಪ ನನ್ನ ಮುಖ ನೋಡಿದರು, ಮಾತಾಡಲಿಲ್ಲ. ಪಿಚ್ಚಿನ ಮೇಲೆ ಹುಲ್ಲು ಹೆಚ್ಚಿಲ್ಲ, ಮುಂದೆ ಸ್ಪಿನ್ ಆಗುತ್ತೆ ಅನ್ನೋದು ಅವರ ಲೆಕ್ಕ. ಅದಕ್ಕೇ ಮೂರು ಜನ ಸ್ಪಿನ್ನರ್‌ಗಳನ್ನೂ ಆಡಿಸಿದ್ದರು. ಓದಿದ್ದು ತಪ್ಪಾಯ್ತು ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಮಳೆಗೆ ಹೊದಿಕೆಯಡಿ ಮುಚ್ಚಿಟ್ಟಿದ್ದ ನೆಲ, ಒಳಗೆ ತೇವ, ಮೇಲೆ ಮೋಡ. ಸೌಥಿ ಮತ್ತು ಹೆನ್ರಿ ಕೈಲಿ ಚೆಂಡು ಗಾಳಿಯಲ್ಲೂ ತಿರುಗ್ತಿತ್ತು, ನೆಲಕ್ಕೆ ಬಿದ್ದ ಮೇಲೂ ತಿರುಗ್ತಿತ್ತು. ಅವರ ಜೊತೆಗೆ ಓ'ರೂರ್ಕ್ ಅನ್ನೋ ತೆಂಗಿನಮರದಂಥ ಹುಡುಗ. ಅವನ ಚೆಂಡು ಎದೆಮಟ್ಟಕ್ಕೆ ಏಳ್ತಿತ್ತು.

ಮೊದಲು ರೋಹಿತ್ ಬೌಲ್ಡ್. ಗಿಲ್ ಕತ್ತು ನೋವಿಂದ ಆಡಿರಲಿಲ್ಲವಾದ್ದರಿಂದ ಮೂರನೆಯವರಾಗಿ ಕೊಹ್ಲಿ ಬಂದರು. ಇಡೀ ಸ್ಟೇಡಿಯಂ ಎದ್ದು ನಿಂತಿತು. ಪುಟಿದೆದ್ದ ಚೆಂಡು ಗ್ಲೌಸಿಗೆ ತಾಗಿ ಲೆಗ್ ಗಲ್ಲಿಯಲ್ಲಿದ್ದ ಫಿಲಿಪ್ಸ್ ಕೈಗೆ. ಸೊನ್ನೆ. ನಮ್ಮ ಪಕ್ಕದಲ್ಲಿದ್ದ ಹುಡುಗಿ ಬಿಡಿಸಿದ್ದ ಬೋರ್ಡನ್ನು ಮಡಚಿ ಕಾಲ ಕೆಳಗೆ ಇಟ್ಟುಕೊಂಡಳು. ಸರ್ಫರಾಜ್ ಬಂದ ಕೂಡಲೇ ಮಿಡ್ ಆಫ್ ಕಡೆಗೆ ಎತ್ತಿದರು, ಕಾನ್ವೇ ಹಾರಿ ಹಿಡಿದರು. 10ಕ್ಕೆ 3. ನಮ್ಮ ರಾಹುಲ್ ಲೆಗ್ ಸೈಡಿನ ಚೆಂಡು ತಾಗಿಸಿ ಕೀಪರ್‌ಗೆ ಕ್ಯಾಚ್, ಅದೂ ತವರು ಮೈದಾನದಲ್ಲಿ. ಎಲ್ಲಾ ತಪ್ಪನ್ನೂ ಪಿಚ್ಚಿನ ತಲೆಗೆ ಕಟ್ಟೋಕಾಗಲ್ಲ. ಜೈಸ್ವಾಲ್ 63 ಎಸೆತ ತಾಳಿ 13 ಮಾಡಿದರು. ನನ್ನ ಪ್ರಕಾರ ಆ ಬೆಳಿಗ್ಗೆ ಟೆಸ್ಟ್ ಆಡಿದವರು ಅವರೊಬ್ಬರೇ, ಜೊತೆಗೆ ಸ್ವಲ್ಪ ಮಟ್ಟಿಗೆ ಪಂತ್.

ನಾನು ಜಾಣತನ ತೋರಿಸೋಕೆ ಹೋದೆ. "ಅಪ್ಪ, ನಮ್ಮಲ್ಲೂ ಹೀಗೇ. ಒಂದು ಸರ್ವರ್ ಬಿದ್ರೆ ಅದರ ಭಾರ ಪಕ್ಕದ್ದರ ಮೇಲೆ, ಅದೂ ಬೀಳುತ್ತೆ..."

"ಸರ್ವರ್ ಗಿರ್ವರ್ ಬೇಡ, ಕಾಲು ನೋಡು. ಒಬ್ರದ್ದೂ ಅಲ್ಲಾಡ್ತಿಲ್ಲ."

ಊಟದ ವೇಳೆಗೆ 34ಕ್ಕೆ 6. ಐದರಲ್ಲಿ ನಾಲ್ಕು ಸೊನ್ನೆ ಅಷ್ಟರಲ್ಲೇ ಆಗಿತ್ತು. ಹೊರಗಿನ ಊಟ ಒಳಗೆ ಬಿಡಲ್ಲ, ಹಾಗಾಗಿ ಎರಡು ವೆಜ್ ಪಫ್ಸ್ ತಂದೆ. ಅಪ್ಪ ಅರ್ಧ ತಿಂದು, ಮೈದಾನ ನೋಡ್ತಾನೇ ಕೇಳಿದರು.

"ಕೆಲಸ ಹೋಗಿ ಎಷ್ಟು ದಿನ ಆಯ್ತು?"

ಪಫ್ಸ್ ಗಂಟಲಲ್ಲೇ ನಿಂತಿತು.

"ನಿಮ್ಮಮ್ಮ ಕಸ ಗುಡಿಸುವಾಗ ಬ್ಯಾಗ್ ಎತ್ತಿಟ್ಳಂತೆ. ಲ್ಯಾಪ್‌ಟಾಪ್ ಇಲ್ಲ, ಬರೀ ಟಿಫನ್ ಬಾಕ್ಸ್, ಛತ್ರಿ. ಒಂದು ವಾರದಿಂದ ನೋಡ್ತಿದ್ದೀವಿ, ಇವನೇ ಹೇಳ್ಲಿ ಅಂತ."

ಎಲ್ಲಾ ಹೇಳಿದೆ. ಮೂರು ತಿಂಗಳ ಸಂಬಳ ಕೊಟ್ಟಿದ್ದಾರೆ, ಹೋಮ್ ಲೋನಿನ ಕಂತು ಜನವರಿವರೆಗೆ ಹೇಗೋ ಆಗುತ್ತೆ, ಆಮೇಲಿಂದು ಗೊತ್ತಿಲ್ಲ ಅಂತಾನೂ ಹೇಳಿದೆ. ಅಪ್ಪ ಬೈತಾರೆ ಅಥವಾ ಸಮಾಧಾನ ಹೇಳ್ತಾರೆ ಅಂದ್ಕೊಂಡೆ. ಅವರು ಎರಡೂ ಮಾಡದೆ 1987ರ ಕಥೆ ತೆಗೆದರು. ತುಮಕೂರಲ್ಲಿ ಕಾಲೇಜು ಓದ್ತಿದ್ದಾಗ ಬೆಳಗಿನ ರೈಲು ಹಿಡಿದು ಇದೇ ಮೈದಾನಕ್ಕೆ ಬಂದಿದ್ದು, ಪಾಕಿಸ್ತಾನದ ಮೇಲಿನ ಟೆಸ್ಟಿನ ಕೊನೇ ದಿನ. ಪಾಕಿಸ್ತಾನ ಮೊದಲು ಆಡಿ 116ಕ್ಕೆ ಉರುಳಿದ್ದ ಪಿಚ್ಚು ಅದು; ಮಣಿಂದರ್ ಸಿಂಗ್ 27 ರನ್‌ಗೆ 7 ವಿಕೆಟ್ ತೆಗೆದಿದ್ದರು. ಆ ತಿರುಗೋ ನೆಲದ ಮೇಲೆ ಗವಾಸ್ಕರ್ ತಮ್ಮ ಕೊನೇ ಟೆಸ್ಟ್ ಇನಿಂಗ್ಸ್‌ನಲ್ಲಿ ಐದು ಗಂಟೆಗೂ ಹೆಚ್ಚು ಹೊತ್ತು ನಿಂತು 96 ಹೊಡೆದರು. ಈ ಕಥೆ ನಾನು ನೂರು ಸಲ ಕೇಳಿದ್ದೀನಿ.

"ಕೊನೆಗೆ ಔಟಾಗಿದ್ದು ನಮ್ಮ ಬಿನ್ನಿ. 16 ರನ್ನಿಗೆ ಸೋತ್ವಿ. ವಾಪಸ್ ಹೋಗೋಕೆ ದುಡ್ಡಿರ್ಲಿಲ್ಲ, ಟಿಕೆಟ್ ಇಲ್ಲದೆ ರೈಲು ಹತ್ತಿದೆ. ಅದನ್ನ ನಿಮ್ಮ ತಾತನಿಗೆ ಕೊನೇವರೆಗೂ ಹೇಳ್ಲೇ ಇಲ್ಲ" ಅಂದು, ಕೈಗೆ ಅಂಟಿದ್ದ ಪಫ್ಸ್ ಪುಡಿ ಕೊಡವಿದರು. ಈ ಟಿಕೆಟ್ಟಿನ ಭಾಗ ನಾನು ಕೇಳಿದ್ದು ಅವತ್ತೇ ಮೊದಲು.

ಊಟ ಮುಗಿದು ಅಶ್ವಿನ್ ಮೊದಲ ಚೆಂಡಿಗೇ ಔಟ್. 31.2 ಓವರಲ್ಲಿ 46ಕ್ಕೆ ಆಲ್ ಔಟ್, ಭಾರತದ ನೆಲದ ಮೇಲೆ ನಮ್ಮ ತಂಡದ ಅತಿ ಕಡಿಮೆ ಮೊತ್ತ. ಹೆನ್ರಿ 15 ರನ್‌ಗೆ 5, ಓ'ರೂರ್ಕ್ 22ಕ್ಕೆ 4. ಆಮೇಲೆ ಅದೇ ನೆಲದ ಮೇಲೆ ಕಾನ್ವೇ 91 ಹೊಡೆದರು. ಮರುದಿನ ರಚಿನ್ ರವೀಂದ್ರ 134. ಅವರ ಅಪ್ಪ ಅಮ್ಮ ಬೆಂಗಳೂರಿನವರೇ, ಆ ಸಂತೋಷವನ್ನಾದರೂ ಇಟ್ಕೊಳ್ಳೋಣ ಅಂತ ಅಪ್ಪ.

ಶನಿವಾರ ಸರ್ಫರಾಜ್ 150, ಪಂತ್ 99 ಮಾಡಿದಾಗ ಮನೆಯಲ್ಲಿ ಹಬ್ಬ. 408ಕ್ಕೆ 3 ಇದ್ದದ್ದು, ಹೊಸ ಚೆಂಡು ಬಂದದ್ದೇ 462ಕ್ಕೆ ಮುಗೀತು. ನ್ಯೂಜಿಲೆಂಡ್‌ಗೆ ಬೇಕಾದದ್ದು ಬರೀ 107.

ಭಾನುವಾರ ಬೆಳಿಗ್ಗೆ ನಾನು ಒಳಗೆ ಹಳೇ ಲ್ಯಾಪ್‌ಟಾಪಲ್ಲಿ ರೆಸ್ಯೂಮೆ ತಿದ್ದುತ್ತಾ ಕೂತಿದ್ದೆ. ಬುಮ್ರಾ ಲೇಥಮ್‌ನ ಸೊನ್ನೆಗೆ ಎತ್ತಿದ್ದೇ ತಡ, ಹಾಲಿಂದ ಅಪ್ಪ ಕೂಗಿದರು. "ಬಾರೋ, ಇನ್ನೂ ಇದೆ ಮ್ಯಾಚು!"

ಇರಲಿಲ್ಲ. ಎಂಟು ವಿಕೆಟ್‌ನಿಂದ ಸೋತ್ವಿ. ಆದರೂ ಹೋಗಿ ಪಕ್ಕದಲ್ಲಿ ಕೂತೆ, ಅಮ್ಮ ಇಬ್ಬರಿಗೂ ಕಾಫಿ ತಂದಿಟ್ಟಳು.