ಒಂದೆಕರೆ ತೋಪು, ಒಂದು ಹೈಬ್ರಿಡ್ ಕಾರು

ಶ್ರೀನಿವಾಸಪುರದಲ್ಲಿರೋ ನನ್ನ ತಮ್ಮ ಅಮ್ಮನನ್ನು ತಿಂಗಳಿಗೆ ಆರು ಸಲ ಬೆಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾನೆ. ಹಳೇ ಜೀಪಿನ ಕುಲುಕಾಟಕ್ಕೆ ಅವಳ ಸೊಂಟ ಹಿಡಿದುಹೋಗುತ್ತೆ. ಅದಕ್ಕೇ ಐಷಾರಾಮಿ ಹೈಬ್ರಿಡ್ ಎಸ್‌ಯುವಿ ಬೇಕಂತೆ. ದುಡ್ಡು ಸಾಲದಿದ್ರೆ ಅಪ್ಪ ನೆಟ್ಟ ಮಾವಿನ ತೋಪಲ್ಲಿ ಒಂದೆಕರೆ ಮಾರ್ತಾನಂತೆ. "ಆನೆ ಬಲ, ಸ್ಕೂಟರ್ ಮೈಲೇಜು ಕಣಕ್ಕ" ಅಂದ.

ತೋಪಿನ ಮಾತು ಬಂತಲ್ಲ, ನಾನೂ ಪೆನ್ಸಿಲ್ ಹಿಡಿದು ಕೂತೆ.

ಮೊದಲ ಮೋಸ ಹೆಸರಲ್ಲೇ ಇದೆ. ನಮ್ಮ ಪಕ್ಕದ ಹೊಸಕೋಟೆ ಕಡೆ ಜೋಡಣೆಯಾಗೋ ವೋಲ್ವೋ ಎಕ್ಸ್‌ಸಿ60 ಕೂಡ ಹೈಬ್ರಿಡ್ಡೇ, ಬಿಡದಿಯ ಟೊಯೊಟಾ ಹೈಕ್ರಾಸ್ ಕೂಡ ಹೈಬ್ರಿಡ್ಡೇ. ಆದ್ರೆ ವೋಲ್ವೋದ್ದು 48 ವೋಲ್ಟಿನ 'ಮೈಲ್ಡ್'. ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತೆ ಅಷ್ಟೇ, ಒಂಟಿಯಾಗಿ ಗಾಡಿ ಎಳೆಯಲ್ಲ. ಹೈಕ್ರಾಸ್‌ನ 2 ಲೀಟರ್ ಎಂಜಿನ್ ಜೊತೆಗಿನ ಮೋಟಾರು ನಿಧಾನದ ವೇಗದಲ್ಲಿ ತಾನೇ ಗಾಡಿ ಓಡಿಸುತ್ತೆ. ಒಟ್ಟು ಶಕ್ತಿ 186 ಪಿಎಸ್, ಪರೀಕ್ಷೆಯ ಮೈಲೇಜು ಲೀಟರಿಗೆ 23.24 ಕಿ.ಮೀ. ರಸ್ತೆಯಲ್ಲಿ ಅಷ್ಟು ಸಿಗಲ್ಲ ಅಂತ ಬೇರೆ ಹೇಳ್ಬೇಕಾ?

ಇನ್ನು ರಸ್ತೆ. ಬ್ರೇಕ್ ಒತ್ತಿದಾಗ ವ್ಯರ್ಥವಾಗೋ ಶಕ್ತೀನ ಬ್ಯಾಟರಿಗೆ ತುಂಬಿಕೊಳ್ಳೋದೇ ಹೈಬ್ರಿಡ್ಡಿನ ಜಾಣತನ. ಹಾಗಾಗಿ ಕೆ.ಆರ್. ಪುರ, ಟಿನ್ ಫ್ಯಾಕ್ಟರಿ ಹತ್ರ ತೆವಳುವಾಗ ಲಾಭ ಜಾಸ್ತಿ. ಕೋಲಾರ ದಾಟಿ ನರಸಾಪುರದ ಕಡೆ ಒಂದೇ ಸಮ ಓಡ್ತಿದ್ರೆ ಬ್ರೇಕೇ ಇಲ್ಲ, ಎಂಜಿನ್ನೇ ದುಡೀಬೇಕು. ಮಾಲೂರಿನ ಅಳಿಯ ಎಕ್ಸ್‌ಪ್ರೆಸ್‌ವೇನಲ್ಲಿ ಬಿಟ್ಟ ಬಾಣದಂಗೆ ಹೋಗೋಣ ಅಂತಾನೆ. ವೇಗ ಎರಡು ಪಟ್ಟಾದ್ರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತೆ ಅನ್ನೋದನ್ನ ಅವನಿಗೆ ಯಾರು ಹೇಳೋದು!

ತಿಂಗಳಿಗೆ 1,500 ಕಿ.ಮೀ. ಅನ್ನೋಣ. ಲೀಟರಿಗೆ 12 ಕೊಡೋ ಬರೀ ಪೆಟ್ರೋಲ್ ಗಾಡಿಗೆ 125 ಲೀಟರ್, 18 ಕೊಡೋ ಹೈಬ್ರಿಡ್ಡಿಗೆ 83. ಉಳಿದದ್ದು 42 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದ್ರೂ 4,200. ಹೈಬ್ರಿಡ್ಡಿಗೆ ಐದು ಲಕ್ಷ ಹೆಚ್ಚು ಕೊಟ್ರೆ ಅದು ವಾಪಸ್ ಬರೋಕೆ ಹತ್ತು ವರ್ಷ. ಅಮ್ಮನಿಗೀಗ ಎಪ್ಪತ್ತೆಂಟು.

ಈ ಲೆಕ್ಕ ತೋರಿಸಿದಾಗ ತಮ್ಮ ಮಾತಾಡಲಿಲ್ಲ. "ಮೈಲೇಜಿಗಲ್ಲ, ಅವಳ ಸೊಂಟಕ್ಕೆ" ಅಂದ ಆಮೇಲೆ. ಅದಕ್ಕೆ ನನ್ನ ಹತ್ರ ಲೆಕ್ಕ ಇರಲಿಲ್ಲ.

ಹೋದ ವಾರ ಓಡಿಸಿ ನೋಡೋಕೆ ಅಂತ ಒಂದು ದೊಡ್ಡ ಗಾಡಿ ಮನೆ ಮುಂದೆ ಬಂತು. ಅಮ್ಮ ಬಾಗಿಲು ಹಿಡ್ಕೊಂಡು ಎರಡು ಸಲ ಹತ್ತೋಕೆ ನೋಡಿ ಸುಮ್ಮನಾದಳು.

"ಇದರ ಜೊತೆ ಸ್ಟೂಲೂ ಕೊಡ್ತಾರಾ ಕೇಳೋ" ಅಂದಳು.